ನಾಲ್ಕನೆಯ ಸಾಲಿನ ಖಾಲಿ ಜಾಗ

ಮಾಸ್ತರರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಬಲಗಾಲು. ಮದುವೆಯ ಮೆರವಣಿಗೆ, ಮುಂದೆ ಬ್ಯಾಂಡು, ಬ್ಯಾಂಡಿನ ಪಕ್ಕದಲ್ಲಿ ಬಿಳಿ ಅಂಗಿಯ ಮಾಸ್ತರರು. ವಾದ್ಯಗಳೆಲ್ಲ ನಿಂತುಬಿಡುತ್ತವೆ, ಡೋಲು ಕೂಡ. ಆ ಮೌನದಲ್ಲಿ ಅವರು ಬಲಗಾಲನ್ನು ನಿಧಾನವಾಗಿ ಮುಂದೆ ಚಾಚಿ, ನೆಲದಲ್ಲಿ ಏನೋ ಹುಡುಕುವವರ ಹಾಗೆ ಕೆಳಗೆ ನೋಡುತ್ತ ಕಾಲೂರುತ್ತಾರೆ. ಹಿಮ್ಮಡಿ ನೆಲ ಮುಟ್ಟಿದ ಮೇಲೆ ಸ್ಯಾಕ್ಸೋಫೋನು ಮತ್ತೆ ಶುರುವಾಗುತ್ತದೆ. ಅವರ ಬಿಳಿ ಕ್ಯಾನ್ವಾಸ್ ಬೂಟಿನ ಮೇಲಿನ ಕೆಂಪು ಧೂಳು ಕೂಡ ನನಗೆ ಕಾಣುತ್ತದೆ. ಆದರೆ ಆ ಬೀದಿ ಮಾನ್ವಿಯದೋ ದೇವದುರ್ಗದ್ದೋ ಹೇಳಲಾರೆ. ಬೀದಿಯೇ ಗೊತ್ತಿಲ್ಲದವನಿಗೆ ಬೂಟಿನ ಧೂಳು ಹೇಗೆ ಕಂಡಿತು? ಇತಿಹಾಸ ಓದಿದವನಿಗೆ ಇಂಥ ಸಾಕ್ಷಿಯ ಮೇಲೆ ಮೊದಲು ಹುಟ್ಟುವುದು ಅನುಮಾನ. ಸಾಕ್ಷಿ ನಾನೇ ಆಗಿದ್ದರಂತೂ ಇನ್ನೂ ಹೆಚ್ಚು.

ಇದನ್ನೆಲ್ಲ ಕೆದಕಬೇಕಾಗಿ ಬಂದದ್ದು ಅವರ ಮಗಳು ಸುಜಾತಾಳಿಂದ. ಮಾಸ್ತರರು ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ದೇವದುರ್ಗದ ಶಾಲೆಯೊಂದರಲ್ಲಿ ಪಾಠ ಹೇಳುವ ಸುಜಾತಾ ಒಂದು ಭಾನುವಾರ ನನ್ನ ಮನೆಗೆ ಬಂದು, ಕುಳಿತುಕೊಳ್ಳದೆಯೇ ಕೇಳಿದಳು.

"ಕಾಕಾ, ಅಪ್ಪನ ಪದದಾಗ ನಡುವ ನಿಲ್ತದಲ್ಲ, ಅದು ಅಪ್ಪ ಬೇಕಂತ ಇಟ್ಟಿದ್ದೋ, ತಪ್ಪಾಗಿ ಬಂದಿದ್ದೋ?"

ಮಾಸ್ತರರು ಬೇರೆಯವರ ಹಾಡುಗಳನ್ನು ಬ್ಯಾಂಡಿಗೆ ಹೊಂದಿಸಿಕೊಟ್ಟದ್ದು ಲೆಕ್ಕವಿಲ್ಲದಷ್ಟು. ತಾವೇ ಕಟ್ಟಿದ ಹಾಡು ಇದೊಂದೇ. ಅದಕ್ಕೆ ಹೆಸರಿಲ್ಲ, ಬ್ಯಾಂಡಿನವರು 'ನಿಲ್ಲೂ ಪದ' ಎನ್ನುತ್ತಾರೆ. ಅಪ್ಪನ ನೆನಪಿನ ದಿನ ಅದನ್ನು ಮನೆಯ ಮುಂದೆ ನುಡಿಸಬೇಕೆಂದು ಸುಜಾತಾಳ ಆಸೆ. ಸ್ಯಾಕ್ಸೋಫೋನಿನ ಹನುಮಂತನಿಗೆ ವಯಸ್ಸಾಗಿದೆ, ಉಸಿರು ಸಾಲದು. ಅವನ ಅಳಿಯ ಕಲಿಯಲು ಸಿದ್ಧನಿದ್ದಾನೆ, ಆದರೆ ಆ ನಡುವಿನ ಮೌನ ಅವನಿಗೆ ಒಪ್ಪಿಗೆಯಿಲ್ಲ. ಅಲ್ಲಿ ಡೋಲು ಹೊಡೆಸಿ ತುಂಬಿಸೋಣ, ಇಲ್ಲದಿದ್ದರೆ ಜನ ಬ್ಯಾಂಡು ಕೆಟ್ಟಿತು ಅಂತ ನಗುತ್ತಾರೆ ಎನ್ನುತ್ತಾನೆ. ಹನುಮಂತ ಆದ ಮೇಲೆ ಊದುವವನು ಅವನೊಬ್ಬನೇ. ಅವನು ಹೇಗೆ ಕಲಿಯುತ್ತಾನೋ ಪದ ಹಾಗೇ ಉಳಿಯುತ್ತದೆ.

"ತಪ್ಪಾಗಿದ್ರ ತಿದ್ದಿಬಿಡೂಣು. ಅಪ್ಪ ಬೇಕಂತ ಇಟ್ಟಿದ್ರ ಒಬ್ಬರಿಗೂ ಮುಟ್ಟಾಕ ಬಿಡೂದಿಲ್ಲ," ಎಂದಳು ಸುಜಾತಾ. "ನೀವು ಅಲ್ಲೇ ಇದ್ರಲ್ಲ ಕಾಕಾ. ನೀವ ಹೇಳಬೇಕು."

ನಾನು ಅಲ್ಲೇ ಇದ್ದೆನೇ? ಇದ್ದೆ ಎಂದುಕೊಂಡಿದ್ದೆ.

ರಾಯಚೂರಿನ ಕೋಟೆಯ ಒಳಗಿನ ಓಣಿಯೊಂದರಲ್ಲಿ ಅವರ ಮನೆ, ಎರಡು ಮನೆ ಆಚೆ ನಮ್ಮದು. ಎಪ್ಪತ್ತರ ದಶಕದಲ್ಲಿ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಕೆಲಸ ಸಿಗದೆ, ತೀನ್ ಕಂದೀಲ್ ಚೌಕದಿಂದ ಸ್ಟೇಷನ್ನಿನವರೆಗೆ ಸುಮ್ಮನೆ ತಿರುಗುತ್ತಿದ್ದೆ. ಮಾಸ್ತರರು ಶಾಲೆಯಲ್ಲಿ ಡ್ರಿಲ್ ಮಾಸ್ತರರು. ಊರು ಮಾನ್ವಿ ಕಡೆಯ ಮಲ್ಲಟ, ಕೂಲಿ ಮಾಡುವ ಮನೆತನ. ಹುಡುಗರಾಗಿದ್ದಾಗ ಹೈದರಾಬಾದಿಗೆ ಓಡಿಹೋಗಿ ಯಾವುದೋ ಸೈನ್ಯದ ಪಲ್ಟಣದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ, ಗೆರೆಗಳ ಮೇಲೆ ಕರಿ ಚುಕ್ಕೆ ಇಡುವ ಇಂಗ್ಲಿಷರ ಸ್ವರಲಿಪಿ ಕಲಿತು ಬಂದಿದ್ದರು. ಆಮೇಲೆ ಅವರು ಏನನ್ನೂ ಊದಿದ್ದನ್ನು ನಾನು ನೋಡಿಲ್ಲ. ಒಮ್ಮೆ ಕೇಳಿದಾಗ, "ಊದೂದು ಬ್ಯಾರೆ, ಊದಸೂದು ಬ್ಯಾರೆ ಎಂ.ಎ. ಸಾಹೇಬ್ರ. ಎರಡೂ ಮಾಡವ ಎರಡರಾಗೂ ಕೆಡತಾನ," ಎಂದಿದ್ದರು. ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ. ಡಿಗ್ರಿಯೇ ನನ್ನ ಹೆಸರಾಗಿತ್ತು.

ಬ್ಯಾಂಡಿನವರಿಗೆ ಆ ಚುಕ್ಕೆ ಲಿಪಿ ಬರುತ್ತಿರಲಿಲ್ಲ, ಸರಿಗಮ ಬರುತ್ತಿತ್ತು. ಆದರೆ ಎಲ್ಲರಿಗೂ ಒಂದೇ ಸರಿಗಮ ಬರೆದುಕೊಟ್ಟರೆ ಗೊಂದಲ. ಕ್ಲಾರಿನೆಟ್ಟಿನವನು ತನ್ನ 'ಸ' ಊದಿದರೆ, ಅದೇ ನಾದ ಹೊರಡಿಸಲು ಸ್ಯಾಕ್ಸಿನವನು ತನ್ನ 'ಪ' ಒತ್ತಬೇಕು. ವಾದ್ಯಗಳ ಹುಟ್ಟೇ ಹಾಗೆ. ಇದು ನನಗೆ ಎಷ್ಟು ಹೇಳಿಸಿಕೊಂಡರೂ ಅರ್ಥವಾಗಿರಲಿಲ್ಲ. ಹನುಮಂತನಿಗೂ ಮೊದಮೊದಲು ಆಗಿರಲಿಲ್ಲವಂತೆ. "ಅವ ಸ ಅಂತಾನ, ನನಗ ಪ ಅಂತೀರಿ. ನಾ ಏನ್ ಮಲಮಗ ಏನ್ರಿ?" ಎಂದು ಜಗಳ ತೆಗೆದಿದ್ದ. ಮಾಸ್ತರರು, "ನಿನ್ನ ಸ ನಿನಗ, ಅವನ ಸ ಅವಗ. ಹೊರಗ ಕೇಳೂದು ಒಂದ. ಸುಮ್ಮನ ಊದಲೇ," ಎಂದು ಮುಗಿಸಿದ್ದರು.

ಹೀಗಾಗಿ ಒಬ್ಬೊಬ್ಬರಿಗೂ ಬೇರೆಬೇರೆ ಬರೆಯಬೇಕು. ಅವರು ಬರೆಯುತ್ತಿದ್ದುದು ಕಾಗದದ ಮೇಲಲ್ಲ, ಮನೆಯ ಪಡಸಾಲೆಗೆ ಹಾಸಿದ ಪರಸಿಕಲ್ಲುಗಳ ಮೇಲೆ, ಶಾಲೆಯ ಸೀಮೆಸುಣ್ಣದಿಂದ. ಗೋಡೆಯ ಗುಂಟ ಇದ್ದ ಕಲ್ಲುಗಳು ಕ್ಲಾರಿನೆಟ್ಟಿಗೆ, ತುತ್ತೂರಿಗೆ, ಡೋಲಿಗೆ. ನಡುವಿನ ದೊಡ್ಡ ಕಲ್ಲು ಸ್ಯಾಕ್ಸೋಫೋನಿಗೆ. ಸಂಜೆ ಬ್ಯಾಂಡಿನವರು ಬಂದು ತಂತಮ್ಮ ಕಲ್ಲಿನ ಮುಂದೆ ನಿಂತು, ಬಗ್ಗಿ ನೋಡುತ್ತ ಊದುವರು. ಬಾಯಿಪಾಠ ಆದ ಮೇಲೆ ಮಾಸ್ತರರು ಒಂದು ಕೊಡ ನೀರು ಸುರಿಸಿ ಎಲ್ಲ ತೊಳೆಸಿಬಿಡುವರು. ಬೇರೆ ಬ್ಯಾಂಡಿನವರು ಕದಿಯಬಾರದೆಂದು ಹೀಗೆ ಮಾಡುತ್ತಾರೆ ಎಂದು ಓಣಿಯಲ್ಲಿ ಮಾತಿತ್ತು. ಅವರು ಹೇಳುತ್ತಿದ್ದ ಕಾರಣ ಬೇರೆ: "ಹಾಳಿ ಕೊಟ್ರ ಹಾಳಿ ನೋಡತಾರ. ಮದವಿ ದಿಬ್ಬಣದಾಗ ಎರಡೂ ಕೈ ವಾದ್ಯದ ಮ್ಯಾಲ ಇರತಾವ, ಹಾಳಿ ಯಾರು ಹಿಡೀಬೇಕು, ಮದಲಿಂಗನೇನು?"

ಕಲ್ಲಿನ ಮೇಲೆ ಪದ ಇರುವಷ್ಟು ದಿನ ಆ ಮನೆಯಲ್ಲಿ ನಡೆದಾಡುವುದೇ ಒಂದು ವಿದ್ಯೆ. ಕಲ್ಲು ಕಲ್ಲಿನ ನಡುವಿನ ಸಂದಿನ ಮೇಲೆ ಹೆಜ್ಜೆಯಿಟ್ಟು ದಾಟಬೇಕು. ನಾನು ಚಹಾಕ್ಕೆ ಹೋದಾಗಲೆಲ್ಲ ಬಾಗಿಲಲ್ಲೇ ಗದರಿಸಿಕೊಳ್ಳುತ್ತಿದ್ದೆ: "ಏ ಎಂ.ಎ., ಗೆರಿ ಮ್ಯಾಲ ಬಾ, ಸ್ವರದ ಮ್ಯಾಲ ಕಾಲಿಡಬ್ಯಾಡ!" ಅವರ ಹೆಂಡತಿ ಒಳಗಿನಿಂದ, "ಇದು ಮನಿ ಏನು, ಸಾಲಿ ಏನು? ಬಂದವ್ರು ಕುಂಟತ ಬರಬೇಕು, ಕುಂಟತ ಹೋಗಬೇಕು," ಎನ್ನುವರು. ಆಕೆಯನ್ನು ಓಣಿಯವರೆಲ್ಲ 'ಯವ್ವಾ' ಎಂದೇ ಕರೆಯುತ್ತಿದ್ದೆವು. ಸಂಗೀತದ ಮಾತು ಬಂದರೆ ಆಕೆಯದು ಒಂದೇ ಉತ್ತರ: "ನನಗೇನ ತಿಳಿತದಪ್ಪ ಅದು."

ಇನ್ನೊಂದು ನೆನಪು, ಇದು ನಿಜವೇ ಇರಬೇಕು, ಏಕೆಂದರೆ ಇದರಲ್ಲಿ ನನಗೇನೂ ಪಾತ್ರವಿಲ್ಲ. ಹನುಮಂತನಿಗೆ ಸ್ವರಗಳ ನಡುವೆ ತನ್ನದೊಂದು ಗಿರಕಿ ಸೇರಿಸುವ ಚಟ. ಜನ ಸೀಟಿ ಹೊಡೆಯುತ್ತಿದ್ದರು. ಮಾಸ್ತರರಿಗೆ ಅದು ಸೇರದು. ಒಂದು ಸಂಜೆ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಲ್ಲಿನ ಮೇಲೆ ಬೆರಳು ಬಡಿದರು.

"ಇಲ್ಲಿ ಏನ್ ಬರದದ?"

"ಮ, ಗ, ರಿ."

"ನೀ ಊದಿದ್ದು?"

"ಮ, ಗ, ರಿ... ಸ್ವಲ್ಪ ಉಪ್ಪು ಖಾರ ಹಾಕಿದ್ನಿರಿ."

"ಬರದದ್ದಷ್ಟ ಊದು. ಬರೀದ ಬಿಟ್ಟಲ್ಲಿ ಬಾಯಿ ಮುಚ್ಚು. ಉಪ್ಪು ಖಾರ ನಿನ್ನ ಹೇಣ್ತಿ ಹಾಕ್ತಾಳ."

ಬ್ಯಾಂಡಿನವರು ಬಿದ್ದು ಬಿದ್ದು ನಕ್ಕರು. ಹನುಮಂತ ನಗಲಿಲ್ಲ. ಅಂದಿನಿಂದ ಅವನು ಬರೆದದ್ದನ್ನಷ್ಟೇ ಊದುವವನಾದ, ಸ್ವಲ್ಪ ಸಿಟ್ಟಿನಿಂದಲೇ.

ಅದಾದ ಮೇಲೆ ಮಾಸ್ತರರು ತಮ್ಮ ಸ್ವಂತ ಪದ ಕಟ್ಟಿದರು. ಮಾನ್ವಿಯಲ್ಲಿ ದೊಡ್ಡ ಮನೆಯೊಂದರ ಮದುವೆ, ಹೊಸದೇನಾದರೂ ಬೇಕು ಎಂದಿದ್ದರು. ಅದರ ಧಾಟಿ ಎಲ್ಲಿಂದ ಬಂತು ಎಂದು ಕೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ "ಸಿರವಾರ, ದೇವದುರ್ಗ, ದೇವದುರ್ಗ" ಎಂದು ಕೂಗುವ ಕಂಡಕ್ಟರನಿಂದ ಎಂದರು. ತಮಾಷೆಯೋ ನಿಜವೋ ಇಂದಿಗೂ ತಿಳಿಯದು, ಆದರೆ ಈಗ ಆ ಬಸ್ಸು ಹತ್ತಿದಾಗಲೆಲ್ಲ ನನಗೆ ಅದು ಪದದ ಹಾಗೇ ಕೇಳಿಸುತ್ತದೆ. ಕಲ್ಲುಗಳ ಮೇಲೆ ಪದ ಬರೆದಿಟ್ಟು ಅವರು ಶಾಲೆಯ ಹುಡುಗರನ್ನು ಆಟದ ಪಂದ್ಯಕ್ಕೆಂದು ದೇವದುರ್ಗಕ್ಕೆ ಕರೆದುಕೊಂಡು ಹೋದರು. ಬ್ಯಾಂಡಿನವರು ತಾವಾಗಿ ಬಂದು ಕಲಿಯಬೇಕು, ಮಾಸ್ತರರು ಪಂದ್ಯ ಮುಗಿಸಿ ನೇರವಾಗಿ ಮಾನ್ವಿಗೆ ಬರಬೇಕು, ಹೀಗೆ ಮಾತಾಗಿತ್ತು. ಪದದ ನಾಲ್ಕನೆಯ ಸಾಲು ಸ್ಯಾಕ್ಸೋಫೋನ್ ಒಂದಕ್ಕೇ. ಉಳಿದವರೆಲ್ಲ ಅಲ್ಲಿ ಸುಮ್ಮನಿರಬೇಕು. ಆ ಸಾಲಿನ ನಡುವೆ ಕಲ್ಲು ಖಾಲಿಯಿತ್ತು. ಹನುಮಂತ ಖಾಲಿ ಇದ್ದಲ್ಲಿ ನಿಲ್ಲಿಸಿದ. ಬಾಯಿಪಾಠ ಮಾಡಿಕೊಂಡ. ಕಲ್ಲು ತೊಳೆದರು.

ಮಾನ್ವಿಯ ಬೀದಿಯಲ್ಲಿ ದಿಬ್ಬಣ ಸಾಗುತ್ತಿತ್ತು. ನಾಲ್ಕನೆಯ ಸಾಲಿನ ನಡುವೆ ಸ್ಯಾಕ್ಸು ನಿಂತಿತು, ಉಳಿದವರು ಮೊದಲೇ ನಿಂತಿದ್ದರು. ಕುದುರೆಯ ಗೊರಸು ಮತ್ತು ಚಪ್ಪಲಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಹೆಣ್ಣಿನ ಸೋದರಮಾವ ಕೂಗಿಕೊಂಡ: "ಯಾಕಲೇ ನಿಂತ್ರಿ? ಸತ್ತೋದ್ರೇನು? ಬಾರಸ್ರಲೇ!" ಹನುಮಂತ ಕಣ್ಣುಮುಚ್ಚಿ ಎಣಿಸಿಕೊಂಡು ಮತ್ತೆ ಊದಿದ. ಮಾಸ್ತರರು ಆಗಷ್ಟೇ ಬಂದು ಸೇರಿದ್ದವರು, ರಸ್ತೆಯ ನಡುವೆ ನಿಂತುಬಿಟ್ಟಿದ್ದರು.

ಮುಂದೇನಾಯಿತು ಎಂಬಲ್ಲಿಂದ ನನ್ನ ಕಷ್ಟ ಶುರು. ಅವರು ನಕ್ಕರು ಎಂದು ನನ್ನ ನೆನಪು. ಪದ ಎರಡನೆಯ ಸುತ್ತು ಬಂದಾಗ ತಾವೇ ಕೈಯೆತ್ತಿ ಹನುಮಂತನನ್ನು ಅಲ್ಲಿ ನಿಲ್ಲಿಸಿ, ಆ ಬಲಗಾಲು ಚಾಚಿದರು. ಅವತ್ತಿನಿಂದ ಪ್ರತಿ ಮದುವೆಯಲ್ಲೂ ಹಾಗೇ. ಅವರ ಕಾಲು ಊರುವವರೆಗೂ ಮೌನ. ಡ್ರಿಲ್ ಮಾಸ್ತರರ ಚಾಳಿ ಎಂದು ಹುಡುಗರು ಅಣಕಿಸುತ್ತಿದ್ದರು.

ಸುಜಾತಾಳನ್ನು ಕರೆದುಕೊಂಡು ಹನುಮಂತನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವನು ಬೀಡಿ ಹಚ್ಚಿಕೊಂಡು ನನ್ನನ್ನೇ ನೋಡಿದ.

"ನೀವು ಮಾನ್ವಿಗೆ ಬಂದಿದ್ದಿಲ್ಲಲ್ರೀ."

"ಬಂದಿದ್ದೆ. ಅವರ ಕ್ಯಾನ್ವಾಸ್ ಬೂಟು ಕೂಡ ನೆನಪಿದೆ."

"ಎಲ್ಲಿ ಬೂಟ್ರಿ? ಅವ್ರು ಬರಿಗಾಲಾಗಿದ್ರು. ಚಪ್ಪಲ್ ಕೈಯಾಗ ಹಿಡಿದಿದ್ರು, ಹರಿದಿತ್ತು. ನಕ್ಕಿದ್ದೂ ಇಲ್ಲ. ನನಗ ಬಡೀತಾರ ಅನ್ಕಂಡಿದ್ನಿ. ನಿಮಗ ಇದೆಲ್ಲಾ ಹೇಳಿದಾವ ನಾನರಿ, ಆಮ್ ತಲಾಬ್ ಕೆರಿ ದಂಡಿಗಿ ಕುಂತು!"

ಹಾಗಾದರೆ ಸೋದರಮಾವನ ಬೈಗುಳ, ಕುದುರೆಯ ಗೊರಸು, ಎಲ್ಲ ಹನುಮಂತನಿಂದ ಎರವಲು ತಂದದ್ದೇ? ಬೂಟುಗಳನ್ನು ಮಾತ್ರ ನಾನು ಸೇರಿಸಿದೆನೇ?

"ಆತು ಮಾಮಾ, ಕಾಕಾನ್ನ ಬಿಡು," ಎಂದಳು ಸುಜಾತಾ. "ಆ ನಿಲ್ಲೂದು ಯಾಕ? ಅಪ್ಪ ಏನರ ಹೇಳಿದ್ರಾ?"

"ಕೇಳೀನಿ ಸುಜಾತಾ. 'ಇರಲಿ ಬಿಡಲೇ' ಅಂದ್ರು. ನನಗ ದಮ್ಮು ಇತ್ತು ನೋಡು, ನಾ ಒಂದೀಟು ಉಸಿರು ತಗೊಳ್ಳಲಿ ಅಂತ ಬಿಟ್ಟಿರಬೇಕು ಅನ್ಕಂಡೆ. ದೇವರಂಥ ಮನಿಷ್ಯಾ."

"ಮಾವಾ, ದಮ್ಮು ನಿಮಗ ಮೊನ್ನಿ ಮೊನ್ನಿ ಬಂತು. ಆಗ ಎಲ್ಲಿತ್ತು?" ಎಂದ ಮೂಲೆಯಲ್ಲಿ ಕುಳಿತಿದ್ದ ಅಳಿಯ. "ಯಾರೋ ಹಸಿ ಕಾಲಿಟ್ಟಾರ, ಸ್ವರ ಅಳಸ್ಯಾವ. ಅದನ್ನ ನೀವು ದೊಡ್ಡದು ಮಾಡೀರಿ."

"ನೀ ಸುಮ್ಮನಿರಲೇ. ನಿನ್ನೆ ಮೊನ್ನೆ ಪೀಪಿ ಹಿಡದಾವ!"

ನನ್ನದೂ ಒಂದು ವಿವರಣೆ ಇತ್ತು, ಅದನ್ನೂ ಅಲ್ಲೇ ಹೇಳಿದೆ. ದಿಬ್ಬಣದ ಮುಂದೆ ಊದುತ್ತ ಬಂದ ಬ್ಯಾಂಡಿನವರನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂರಿಸದೆ ಹೊರಗೆ ಬೇವಿನ ಮರದ ಕೆಳಗೆ ಬಡಿಸುತ್ತಿದ್ದ ಕಾಲ ಅದು. ನೀವಿಲ್ಲದೆ ನಿಮ್ಮ ಮೆರವಣಿಗೆ ಹೇಗಿರುತ್ತದೆ ಕೇಳಿಸಿಕೊಳ್ಳಿ ಎಂದು ಮಾಸ್ತರರು ಆ ಮೌನ ಇಟ್ಟಿದ್ದಾರೆ ಎಂದು ನಾನು ನಂಬಿದ್ದೆ. ಒಮ್ಮೆ ಅವರಿಗೇ ಹೇಳಿದ್ದೆ. ಅವರು, "ಎಂ.ಎ. ಓದಿದ್ರ ಇಷ್ಟೆಲ್ಲಾ ಕೇಳತದೇನು?" ಎಂದಿದ್ದರು. ಅಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಅಥವಾ ಎಂದರೇ? ಬೂಟಿನ ಪ್ರಸಂಗವಾದ ಮೇಲೆ ಅದನ್ನೂ ಆಣೆ ಮಾಡಿ ಹೇಳಲಾರೆ.

ಸುಜಾತಾ ನನ್ನ ಜೊತೆಯೇ ಹೊರಟಳು. ಮನೆಯ ಹತ್ತಿರ ಬಂದಾಗ, "ಒಬ್ಬರು ದಮ್ಮು ಅಂತಾರ, ಒಬ್ಬರು ಹಸಿ ಕಾಲು ಅಂತಾರ, ನೀವು ಹೋರಾಟ ಅಂತೀರಿ. ಅಪ್ಪ ಅಂತೂ ಯಾರ ಕೈಗೂ ಸಿಗವಲ್ಲ," ಎಂದಳು. ಅವಳು ಸಣ್ಣವಳಿದ್ದಾಗ ಮಲ್ಲಟದ ಅಜ್ಜಿಯ ಮನೆಯಲ್ಲಿ ಬೆಳೆದವಳು, ಪಡಸಾಲೆಯ ಆ ವರ್ಷಗಳನ್ನು ನೋಡಿದವಳಲ್ಲ. ಅಪ್ಪನಿಂದ ಅವಳಿಗೆ ಉಳಿದಿರುವುದು ಆ ಪದ. ಅದೂ ತಪ್ಪೋ ಸರಿಯೋ ಗೊತ್ತಿಲ್ಲದ್ದು.

ಕೊನೆಗೆ ಅವಳೇ ಒಂದು ತೀರ್ಮಾನಕ್ಕೆ ಬಂದಳು. ಹಸಿ ಕಾಲಿನ ಮಾತೇ ಸರಿಯಿರಬೇಕು. ಅಳಿಸಿಹೋದ ಸ್ವರ ಈಗ ಸಿಗದಿದ್ದರೂ, ಮೌನದ ಹಿಂದಿನ ಸ್ವರ, ಮುಂದಿನ ಸ್ವರ ಜೋಡಿಸಿದರೆ ಸಾಲು ಸಲೀಸಾಗಿ ಕೂಡುತ್ತದೆ. ಹಾಗಾದರೆ ಮೌನ ತೆಗೆದುಬಿಡೋಣ, ಡೋಲೂ ಬೇಡ. ನೆನಪಿನ ದಿನಕ್ಕೆ ಮೊದಲಿನ ಬೆಳಗ್ಗೆ ಹನುಮಂತ, ಅಳಿಯ, ನಾನು ಮಾಸ್ತರರ ಪಡಸಾಲೆಯಲ್ಲಿ ಸೇರಿದೆವು. ಅಳಿಯನಿಗೆ ಕಲಿಸಲು ಅಪ್ಪನ ಹಾಗೆಯೇ ಬರೆಯುತ್ತೇನೆಂದು ಸುಜಾತಾ ಶಾಲೆಯಿಂದ ಸೀಮೆಸುಣ್ಣ ತಂದಿದ್ದಳು. ಹನುಮಂತ ಒಂದೊಂದೇ ಸ್ವರ ಹೇಳಿದ, ಅವಳು ನಡುವಿನ ದೊಡ್ಡ ಕಲ್ಲಿನ ಮೇಲೆ ಅಂಚಿನಿಂದ ಅಂಚಿಗೆ ಬರೆದಳು. ನಾಲ್ಕನೆಯ ಸಾಲನ್ನೂ ಒತ್ತೊತ್ತಾಗಿ ತುಂಬಿಸಿದಳು.

ಅಷ್ಟರಲ್ಲಿ ಬೀದಿಯ ನಳದಿಂದ ಯವ್ವ ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದರು. ಕಲ್ಲಿನ ಅಂಚಿನಲ್ಲಿ ನಿಂತುಬಿಟ್ಟರು.

"ಕಾಲೆಲ್ಲಿಡಲೇ?"

"ಗೆರಿ ಮ್ಯಾಲ ಬಾ ಯವ್ವಾ," ಎಂದಳು ಸುಜಾತಾ.

"ತುಂಬಿದ ಕೊಡ ಹೊತ್ತು ಗೆರಿ ಮ್ಯಾಲ ಯಾರು ನಡೀತಾರ? ಬಿದ್ದರ? ನಿಮ್ಮಪ್ಪ ಜಾಗ ಬಿಡತಿದ್ದ."

"ಎಲ್ಲಿ?"

"ಇಲ್ಲೇ, ಇದರ ನಡುವ. ಮುಂಜಾನಿ ನಾ ನೀರು ತರತಿದ್ನಲ್ಲ, ಒಂದು ಹೆಜ್ಜಿ ಇಡಾಕ. ಮೊದಲನೇ ಸಲ ಹೊಸ್ತಿಲದಾಗ ನಿಲ್ಲಿಸಿ ನನ್ನ ಪಾದ ಅಳತಿ ತಗೊಂಡಿದ್ದ, ಹುಚ್ಚ." ಆಕೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದರು. "ಯಾವ ಪದ ಇದ್ರೂ ಬಿಡತಿದ್ದ."

ಹನುಮಂತ ಬಾಯಿಂದ ಬೀಡಿ ತೆಗೆದ.

"ಹೌದಲ್ರೀ," ಎಂದ ಸಣ್ಣ ದನಿಯಲ್ಲಿ. "ಪ್ರತಿ ಪದಕ್ಕೂ ಅಲ್ಲಿ ಖಾಲಿ ಇರತಿತ್ತು. ಎಲ್ಲಾ ಸಿನಿಮಾ ಪದ, ಸೋಬಾನಿ ಪದ, ಕೇಳಿದ್ದವು, ದಾಟಿಕೊಂಡು ಊದತಿದ್ನಿ. ಇದೊಂದು ಕೇಳಲಾರದ್ದು. ಬರೀದ ಬಿಟ್ಟಲ್ಲಿ ಬಾಯಿ ಮುಚ್ಚು ಅಂದಿದ್ರಲ್ಲ, ಮುಚ್ಚಿದ್ನಿ."

"ಯವ್ವಾ, ನೀ ಯಾಕ ಹೇಳಲಿಲ್ಲ ಇಷ್ಟು ದಿನ?" ಸುಜಾತಾಳ ದನಿಯಲ್ಲಿ ಅಳುವಿತ್ತೋ ಸಿಟ್ಟಿತ್ತೋ.

"ನೀವು ಪದ ಪದ ಅಂತಿದ್ರಿ. ಪದ ನನಗೇನ ತಿಳಿತದ? ಕಾಲಿಡೂ ಜಾಗ ಅಂತ ಯಾರು ಕೇಳಿದ್ರು?"

ಹಾಗಾದರೆ ಅಳಿಯ ಹೇಳಿದ್ದೇ ಹೆಚ್ಚುಕಡಿಮೆ ಸರಿ. ಮಾಸ್ತರರು ಮೌನವನ್ನು ಬರೆದಿರಲಿಲ್ಲ. ಆದರೆ ಮಾನ್ವಿಯ ಬೀದಿಯಲ್ಲಿ ತಮ್ಮ ಪದ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂದು ಅವರೊಬ್ಬರಿಗೇ ತಿಳಿದಿತ್ತು. ತಿದ್ದಬಹುದಿತ್ತು, ತಿದ್ದಲಿಲ್ಲ. ಕಾಲು ಮುಂದಿಟ್ಟರು. ನನಗೆ ಕಾಣುವ ಆ ಬಲಗಾಲಿನ ಮೇಲಿಂದ ಬೂಟು ತಾನಾಗಿ ಕಳಚಿಹೋಯಿತು. ಈಗ ಕಾಣುವುದು ಬರಿಗಾಲು. ಇದು ಹಳೆಯ ನೆನಪು ತಿದ್ದಿಕೊಂಡದ್ದೋ, ಆ ಬೆಳಗ್ಗೆ ಹೊಸದಾಗಿ ಹುಟ್ಟಿದ್ದೋ ಹೇಳಲು ನನ್ನ ಓದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸುಜಾತಾ ನಾಲ್ಕನೆಯ ಸಾಲಿನ ನಡುವೆ ಅಂಗೈಯಿಂದ ಉಜ್ಜಿ ಅಳಿಸಿದಳು. ಸ್ವಲ್ಪ ನೋಡಿ, ಇನ್ನೂ ಸ್ವಲ್ಪ ಅಳಿಸಿದಳು. ಅಲ್ಲಿದ್ದ ಸ್ವರಗಳನ್ನು ಆಚೆಗೆ ಸರಿಸಿ ಬರೆದಳು. ಯವ್ವ ಆ ಜಾಗದಲ್ಲಿ ಬಲಗಾಲೂರಿ, ದಾಟಿ, ಅಡಿಗೆಮನೆಗೆ ಹೋದರು. ಕಲ್ಲಿನ ಮೇಲೆ ಹಸಿ ಪಾದದ ಗುರುತು ಉಳಿಯಿತು.

"ಡೋಲು ಬ್ಯಾಡ ಬಿಡ್ರಿ," ಎಂದ ಅಳಿಯ, ಯಾರೂ ಕೇಳದೆಯೇ.

ಹನುಮಂತ ಅವನ ಕೈಯಿಂದ ಸ್ಯಾಕ್ಸೋಫೋನು ಇಸಿದುಕೊಂಡ. "ಒಂದ ಸಲ ನಾ ತೋರಸ್ತೀನಿ. ಎಷ್ಟು ಹೊತ್ತು ನಿಲ್ಲಬೇಕು ನೋಡಿಕೋ." ಎದೆ ತುಂಬ ಉಸಿರೆಳೆದು ಶುರು ಮಾಡಿದ. ಮೊದಲ ಸಾಲುಗಳಲ್ಲಿ ದನಿ ಒಡೆಯಿತು, ಮೂರನೆಯದರಲ್ಲಿ ನೇರವಾಯಿತು. ನಾಲ್ಕನೆಯ ಸಾಲಿಗೆ ಬಂದು ನಿಂತ. ಪಡಸಾಲೆ ನಿಶ್ಶಬ್ದವಾಯಿತು. ಒಳಗೆ ಕೊಡದಿಂದ ಹಂಡೆಗೆ ನೀರು ಸುರಿಯುವ ಸದ್ದು ಶುರುವಾಗಿ ಮುಗಿಯಿತು. ಹನುಮಂತ ಇನ್ನೂ ಊದಿರಲಿಲ್ಲ.

ಒಳಗಿನಿಂದ ಯವ್ವ ಕೂಗಿದರು: "ಯಾಕಪ್ಪಾ, ಇಷ್ಟೊತ್ತು? ನನಗೇನು ಇಷ್ಟೊತ್ತು ಹಿಡೀತಿರಲಿಲ್ಲ. ಮುಂದ ಊದು!"

ಹನುಮಂತ ತಲೆಯಲ್ಲಾಡಿಸಿದ. ಬೀದಿಯಲ್ಲಿ ಮಾಸ್ತರರು ಎಷ್ಟು ಹೊತ್ತು ನಿಲ್ಲಿಸುತ್ತಿದ್ದರೋ ಅಷ್ಟು ಹೊತ್ತು ನಿಂತ. ಆಮೇಲೆ ಊದಿದ.